ಗೋಣಿಬೀಡು ಕಡೆ 28 ಸೆಂಟ್ ಮಳೆ. ಸ್ಪ್ರಿಂಕ್ಲರ್ ಹಾಕಲೋ, ಮುನ್ಸೂಚನೆ ನಂಬಿ ಕಾಯಲೋ?

ಹಳ್ಳದ ತೋಟ (ಮಾರ್ಚ್ 14, ಬೆಳಗ್ಗೆ)

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಐದು ಎಕರೆ ರೋಬಸ್ಟಾ ಕಾಫಿ. ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿರುವುದು ನಾನೇ. ಕಾಫಿ ಮೊಗ್ಗು ಅರಳಿಸುವ ಹೂಮಳೆ ನನಗಿದು ಎರಡನೆಯದು.

ನಿನ್ನೆ ಸಂಜೆ ನಾಲ್ಕೂವರೆಗೆ ಮೂಡಲ ಕಡೆಯಿಂದ ಮೋಡ ಕಟ್ಟಿತು. ಗುಡುಗು, ಜೋರು ಗಾಳಿ. ಹನ್ನೆರಡೇ ನಿಮಿಷಕ್ಕೆ ನಿಂತಿತು. ಮಳೆಮಾಪಕದಲ್ಲಿ 28 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು). ಗುಡ್ಡದ ಆಚೆ ನಮ್ಮ ಅತ್ತಿಗೆಯ ತವರಿನ ತೋಟದಲ್ಲಿ 90 ಸೆಂಟ್! ನಡುವೆ ಮೂರು ಕಿಲೋಮೀಟರ್ ಕೂಡ ಇಲ್ಲ.

ಬೆಳಗ್ಗೆ ಎದ್ದವನೇ ಗಿಡದ ಬುಡ ಕೆದಕಿ ನೋಡಿದೆ. ತರಗೆಲೆ ಒದ್ದೆ, ಅದರ ಕೆಳಗೆ ಒಂದು ಬೆರಳಿನಷ್ಟು ಮಣ್ಣು ಒದ್ದೆ. ಇನ್ನೂ ಕೆಳಗೆ ಕೈ ಹಾಕಿದರೆ ಬರೀ ಪುಡಿಮಣ್ಣು. ಮೊಗ್ಗು ಅಕ್ಕಿಕಾಳಿನಷ್ಟಾಗಿ ತಯಾರಾಗಿ ನಿಂತಿವೆ.

ಜಿಲ್ಲೆಯ ಮುನ್ಸೂಚನೆಯಲ್ಲಿ ಇನ್ನೂ ಮೂರು ದಿನ ‘ಕೆಲವು ಕಡೆ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆ’ ಅಂತ ಇದೆ. ಕಳೆದ ವರ್ಷ ಇದೇ ಸಾಲು ಓದಿ ಕಾದಿದ್ದೆ. ಐದು ದಿನವಾದರೂ ಹನಿ ಬೀಳಲಿಲ್ಲ. ಮೊಗ್ಗು ನಸುಗೆಂಪಾಗಿ, ಪೂರ್ತಿ ಅರಳದೆ, ನಕ್ಷತ್ರದ ಹಾಗೆ ಗಟ್ಟಿಯಾಗಿ ನಿಂತುಬಿಟ್ಟವು. ಹಳ್ಳದ ಬದಿಯ ಎರಡು ಎಕರೆಯಲ್ಲಿ ಕಾಯಿಯೇ ಕಟ್ಟಲಿಲ್ಲ. ಅಪ್ಪ ನೆಟ್ಟ ಗಿಡಗಳು ಅವು. ಕೊಯ್ಲಿನ ಹೊತ್ತಿಗೆ ಆ ಕಡೆ ಹೋಗಲೂ ಮನಸ್ಸಾಗಲಿಲ್ಲ.

ಕೆರೆಯಲ್ಲಿ ಒಂದು ಸುತ್ತಿಗೆ ಆಗುವಷ್ಟೇ ನೀರಿದೆ. ಈಗಲೇ ಹಾಕಿದರೆ ಬ್ಯಾಕಿಂಗ್‌ಗೆ, ಅಂದರೆ ಹೂ ಆದ ಮೇಲೆ ಕೊಡುವ ಎರಡನೇ ನೀರಿಗೆ, ಉಳಿಯುವುದಿಲ್ಲ. ಹಾಕಿದ ಮಾರನೇ ದಿನ ಮಳೆ ಬಂದರೆ ನೀರೂ ಹೋಯ್ತು, ಡೀಸೆಲ್ಲೂ ಹೋಯ್ತು. ಏನು ಮಾಡಲಿ? ಇಡೀ ಜಿಲ್ಲೆಗೆ ಕೊಟ್ಟ ಮುನ್ಸೂಚನೆಯನ್ನು ನಮ್ಮ ಹಳ್ಳಕ್ಕೆ ಹೇಗೆ ಓದಿಕೊಳ್ಳಬೇಕು?

ಬಣಕಲ್ ಹಿರಿಯ

ತಮ್ಮಾ, 28 ಸೆಂಟ್ ಅಂದರೆ ಏಳು ಮಿಲಿಮೀಟರ್. ಅರ್ಧ ಇಂಚೂ ಆಗದ ಮಳೆ ಬಹಳ ಕಷ್ಟದ್ದು. ಮೊಗ್ಗನ್ನು ಎಬ್ಬಿಸುತ್ತದೆ, ಆಮೇಲೆ ಒಣಗಿಸುತ್ತದೆ. ರೋಬಸ್ಟಾಗೆ ಒಂದು ಇಂಚು ಬೇಕೇ ಬೇಕು. ಇವತ್ತು, ನಾಳೆ ಸಂಜೆ ನೋಡು. ಬರಲಿಲ್ಲ ಅಂದರೆ ನಾಡಿದ್ದು ಬೆಳಗ್ಗೆ ಜೆಟ್ (ಸ್ಪ್ರಿಂಕ್ಲರ್) ಹೂಡಿ ನೀರು ಹಾಕು. ಆಗಲೇ ಬಿದ್ದ 28 ಅನ್ನು ಲೆಕ್ಕಕ್ಕೆ ಹಿಡಿಯಬೇಡ, ಈ ಬಿಸಿಲಿಗೆ ಅದು ಹೋಗಿರುತ್ತದೆ.

ಮೊದಲು ಕೆರೆ ಅಳೆದುಕೋ. ಒಂದು ಎಕರೆಗೆ ಒಂದು ಇಂಚು ಅಂದರೆ ಹೆಚ್ಚುಕಡಿಮೆ ಒಂದು ಲಕ್ಷ ಲೀಟರ್ ನೀರು. ಸಾಲದಿದ್ದರೆ ಐದು ಎಕರೆಗೂ ಅರ್ಧರ್ಧ ಕೊಡಬೇಡ. ಆಗುವಷ್ಟು ಎಕರೆಗೆ ಪೂರ್ತಿ ಕೊಡು. ನೆಟ್ಟಗೆ ಬದಿ ಇರುವ ಡಬ್ಬ ನಾಲ್ಕು ತಗೊಂಡು ಸಾಲಿನ ನಡುವೆ ಅಲ್ಲಲ್ಲಿ ಇಡು. ಸ್ಕೇಲ್ ಇಳಿಸಿದರೆ ಎರಡೂವರೆ ಸೆಂಟಿಮೀಟರ್ ನೀರು ಸಿಗಬೇಕು. ಅಲ್ಲಿಯ ತನಕ ಜೆಟ್ ಜಾಗ ಬದಲಿಸಬೇಡ.

ಮೋಡ ನೋಡುವವ

ಮುನ್ಸೂಚನೆ ಬಗ್ಗೆ ಹೇಳ್ತೀನಿ. ಹವಾಮಾನ ಇಲಾಖೆಯವರ ಈ ಮಾತುಗಳಿಗೆ ಲೆಕ್ಕ ಇದೆ. ‘ಒಂದೆರಡು ಕಡೆ’ ಅಂದರೆ ಶೇ 25ರವರೆಗಿನ ಮಳೆ ಅಳೆಯುವ ಕೇಂದ್ರಗಳಲ್ಲಿ ಮಳೆ. ‘ಕೆಲವು ಕಡೆ’ ಅಂದರೆ ಶೇ 26ರಿಂದ 50. ‘ಹಲವು ಕಡೆ’ ಶೇ 75ರವರೆಗೆ. ಅಂದರೆ ‘ಕೆಲವು ಕಡೆ’ ಅಂತ ಹೇಳಿದ್ದು ಪೂರ್ತಿ ನಿಜವಾದ ದಿನವೂ ಅರ್ಧ ಜಿಲ್ಲೆ ಒಣಗಿಯೇ ಇರಬಹುದು. ಇನ್ನು ‘ಹಗುರ’ ಶುರುವಾಗುವುದೇ ಎರಡೂವರೆ ಮಿಲಿಮೀಟರ್‌ನಿಂದ, ‘ಸಾಧಾರಣ’ 64ರ ತನಕ ಹೋಗುತ್ತದೆ. ನಿಮ್ಮ 28 ಸೆಂಟೂ ಅದರೊಳಗೇ ಬಂತು, ಅತ್ತಿಗೆಯವರ 90 ಸೆಂಟೂ ಅದರೊಳಗೇ ಬಂತು.

ಮುಂಗಾರಿನ ಮೋಡ ಇಡೀ ಘಟ್ಟವನ್ನು ಮುಚ್ಚಿಕೊಂಡು ಬರುತ್ತದೆ. ಮಾರ್ಚ್‌ನದು ಹಾಗಲ್ಲ. ಬೆಳಗಿನ ಬಿಸಿಲಿಗೆ ಗುಡ್ಡದ ಮೈ ಕಾಯುತ್ತದೆ, ಗಾಳಿ ಮೇಲೇರುತ್ತದೆ. ಕಡಲ ಕಡೆಯ ತೇವದ ಗಾಳಿ ಅದಕ್ಕೆ ಸೇರಿದರೆ ಮಧ್ಯಾಹ್ನದ ಮೇಲೆ ಅಲ್ಲೊಂದು ಇಲ್ಲೊಂದು ಗುಡುಗಿನ ಮೋಡ ಏಳುತ್ತದೆ. ಒಂದು ಮೋಡ ಸುರಿಯುವುದು ಕೆಲವೇ ಕಿಲೋಮೀಟರ್ ಜಾಗಕ್ಕೆ. ಅದು ಗುಡ್ಡದ ಯಾವ ಪಕ್ಕಕ್ಕೆ ಅಂತ ಮೂರು ದಿನ ಮೊದಲೇ ಯಾರೂ ಹೇಳಲಾರರು. ಮಧ್ಯಾಹ್ನ ಎರಡರಿಂದ ಮೂರರ ಉಪಗ್ರಹ ಚಿತ್ರ ನೋಡಿ, ಅದು ಆ ಸಂಜೆಯ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಬೆಳಗ್ಗೆ ಹಳ್ಳದಲ್ಲಿ ಮಂಜು ಕೂತಿದೆ ಅಂತ ಮಳೆ ಆಸೆ ಪಡಬೇಡಿ. ರಾತ್ರಿ ಆಕಾಶ ತಿಳಿಯಾಗಿತ್ತು, ತಣ್ಣನೆ ಗಾಳಿ ಇಳಿದು ತಗ್ಗಿನಲ್ಲಿ ನಿಂತಿತು ಅಂತ ಅಷ್ಟೇ ಅದರ ಅರ್ಥ.

ಬಾಳೆಹೊನ್ನೂರು ಅಕ್ಕ

ಒಂದು ಮಾತು ಸೇರಿಸ್ತೀನಿ. ನೀರು ಬಿದ್ದ ಏಳರಿಂದ ಹತ್ತು ದಿನದೊಳಗೆ ಹೂ ಅರಳುತ್ತದೆ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಗಾಳಿಯಲ್ಲೋ ಜೇನಿನ ಜೊತೆಗೋ ಬರಬೇಕು. ಹೂ ಅರಳಿದ ಕಡೆ ಜೆಟ್‌ನ ಒಂದು ಹನಿಯೂ ತಾಗದ ಹಾಗೆ ನೋಡಿಕೊಳ್ಳಿ. ಆ ದಿನಗಳಲ್ಲಿ ಔಷಧಿ ಹೊಡೆಯಲೇಬೇಡಿ. ಬ್ಯಾಕಿಂಗ್‌ಗೆ ಹದಿನೈದು ಇಪ್ಪತ್ತು ದಿನ ಟೈಮ್ ಇದೆ, ಅಷ್ಟರಲ್ಲಿ ರೇವತಿ ಮಳೆ ಶುರುವಾಗಿರುತ್ತದೆ. ಇರುವ ನೀರನ್ನು ಹೂವಿಗೇ ಕೊಡಿ.

ಹಳ್ಳದ ತೋಟ (ಮಾರ್ಚ್ 27)

ಬಣಕಲ್ ಅಣ್ಣ ಹೇಳಿದ ಹಾಗೆ ಎರಡು ಸಂಜೆ ಕಾದೆ. ಎರಡನೇ ದಿನ ಮೋಡ ಬಂತು, ನಮ್ಮ ತಲೆ ಮೇಲೇ ಗುಡುಗಿತು, ಗುಡ್ಡ ದಾಟಿ ಹೋಯಿತು. ಮಾಪಕದಲ್ಲಿ 3 ಸೆಂಟ್. 16ರ ಬೆಳಗ್ಗೆ ಐದೂವರೆಗೆ ಪಂಪ್ ಶುರು ಮಾಡಿದೆವು. ಡಬ್ಬ ಇಟ್ಟಿದ್ದು ಒಳ್ಳೆಯದಾಯಿತು. ಕಳೆದ ವರ್ಷ ಒಂದೊಂದು ಜಾಗಕ್ಕೆ ಎರಡೇ ಗಂಟೆ ಬಿಟ್ಟು ಸಾಕು ಅಂದುಕೊಂಡಿದ್ದೆ. ಈ ಸಲ ಎರಡೂವರೆ ಸೆಂಟಿಮೀಟರ್ ತುಂಬಲು ಮೂರು ಮುಕ್ಕಾಲು ಗಂಟೆ ಬೇಕಾಯಿತು.

ನಾಲ್ಕು ಎಕರೆ ಮುಗಿಯುವಾಗ ಕೆರೆ ತಳ ಕಂಡಿತು. ಮೇಲಿನ ಒಂದು ಎಕರೆ ಬಿಟ್ಟೆ. ಅಲ್ಲಿ ಮೊಗ್ಗು ಕೆಂಪಾಗಿವೆ, ನೋಡಿದರೆ ಸಂಕಟ ಆಗುತ್ತದೆ.

ಹಳ್ಳದ ಬದಿಯದ್ದು ಒಂಬತ್ತನೇ ದಿನ ಅರಳಿತು. ಮಂಜು ಇನ್ನೂ ಎದ್ದಿರಲಿಲ್ಲ, ಬಾಗಿಲು ತೆಗೆಯುವಾಗಲೇ ಪರಿಮಳ. ರೆಂಬೆ ರೆಂಬೆಗೂ ಗಂಟಿಗೊಂದು ಬಿಳಿ ಚೆಂಡು. ಎಂಟು ಗಂಟೆಗೆಲ್ಲ ಜೇನು ತುಂಬಿಕೊಂಡವು. ಅಮ್ಮ ಒಂದು ಗಂಟೆ ಅಲ್ಲೇ ನಿಂತಿದ್ದರು.

ಈಗ ಬ್ಯಾಕಿಂಗ್‌ಗೆ ಕೆರೆಯಲ್ಲಿ ಏನೂ ಇಲ್ಲ. ರೇವತಿ ಮಳೆ ಯಾರ ಕಡೆ ಬಿದ್ದರೂ ಇಲ್ಲಿ ಊರು, ಟೈಮು, ಸೆಂಟ್ ಬರೆಯಿರಿ. ನಾನೂ ದಿನಾ ಬರೆಯುತ್ತೇನೆ.