ಪದವಿ ಪತ್ರದ ಮೇಲೆ ಯಾರ ಹೆಸರು ಇರುತ್ತದೆ? ಕಾಲೇಜು ಸೇರುವವರ ಪ್ರಶ್ನೆಗಳು, ನಿವೃತ್ತ ಉಪಕುಲಸಚಿವರ ಉತ್ತರಗಳು

ಪ್ರಶ್ನೆ (ವಿದ್ಯಾರ್ಥಿನಿ, ಧಾರವಾಡ ಜಿಲ್ಲೆ): ಮೇಡಂ, ನಮಸ್ಕಾರ. ಪಿಯುಸಿ ವಿಜ್ಞಾನ ಮುಗಿಸಿದ್ದೇನೆ, ಬಿಎಸ್ಸಿ ಸೇರಬೇಕು. ನಮ್ಮ ಮನೆಯಲ್ಲಿ ಡಿಗ್ರಿಗೆ ಹೊರಟವಳು ನಾನೇ ಮೊದಲು. ಕಾಲೇಜುಗಳ ಕರಪತ್ರ ನೋಡಿದರೆ ಒಂದು ಸಂಯೋಜಿತ ಎನ್ನುತ್ತದೆ, ಒಂದು ಸ್ವಾಯತ್ತ, ಇನ್ನೊಂದು ಡೀಮ್ಡ್. ‘ನ್ಯಾಕ್ ಎ ಪ್ಲಸ್’, ‘ಯುಜಿಸಿ ಮಾನ್ಯತೆ’ ಎಂದು ದಪ್ಪಕ್ಷರದಲ್ಲಿ ಬೇರೆ ಹಾಕಿದ್ದಾರೆ. ಅಪ್ಪ ನನ್ನನ್ನು ಕೇಳುತ್ತಾರೆ, ನಾನು ಯಾರನ್ನು ಕೇಳಲಿ? ಇವುಗಳಲ್ಲಿ ಯಾವುದು ಮೇಲು?

ಉತ್ತರ: ಮೇಲು ಕೀಳಿನ ಮಾತು ಆಮೇಲೆ. ಪ್ರವೇಶಕ್ಕೆ ಹೋದಲ್ಲೆಲ್ಲ ಮೊದಲು ಒಂದು ಪ್ರಶ್ನೆ ಕೇಳು: ‘ಓದು ಮುಗಿದ ಮೇಲೆ ನನ್ನ ಪದವಿ ಪ್ರಮಾಣಪತ್ರ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ?’ ಯುಜಿಸಿ ಎಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ. 1956ರ ಯುಜಿಸಿ ಕಾಯ್ದೆಯ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ಶಾಸನದಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ, ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಕಟ್ಟಡ ಎಷ್ಟೇ ಅಂತಸ್ತಿನದಾಗಿರಲಿ, ಕಾಲೇಜಿಗೆ ಆ ಅಧಿಕಾರ ಇಲ್ಲ.

ಈಗ ನಿನ್ನ ಕರಪತ್ರಗಳಿಗೆ ಬರೋಣ. ಸಂಯೋಜಿತ ಕಾಲೇಜಿನಲ್ಲಿ ಪಾಠ ಮಾಡುವುದು ಕಾಲೇಜು. ಪಠ್ಯಕ್ರಮ, ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನ, ಪದವಿ ಎಲ್ಲವೂ ವಿಶ್ವವಿದ್ಯಾಲಯದ್ದು. ಘಟಕ ಕಾಲೇಜು ಎಂದರೆ ವಿಶ್ವವಿದ್ಯಾಲಯ ತಾನೇ ನಡೆಸುವ ಕಾಲೇಜು. ನಿಮ್ಮ ಊರಿನ ಕರ್ನಾಟಕ ವಿಜ್ಞಾನ ಕಾಲೇಜು, ಮೈಸೂರಿನ ಯುವರಾಜ ಕಾಲೇಜು ಇಂಥವು. ಸ್ವಾಯತ್ತ ಕಾಲೇಜು ಪಠ್ಯವನ್ನು ತಾನೇ ರೂಪಿಸಿಕೊಂಡು ಪರೀಕ್ಷೆಯನ್ನೂ ತಾನೇ ನಡೆಸುತ್ತದೆ, ಆದರೆ ಪದವಿ ಕೊಡುವುದು ಅದಕ್ಕೆ ಸಂಯೋಜನೆ ಕೊಟ್ಟ ತಾಯಿ ವಿಶ್ವವಿದ್ಯಾಲಯವೇ. ಅಲ್ಲಿ ಫಲಿತಾಂಶ ಸಾಮಾನ್ಯವಾಗಿ ಬೇಗ ಬರುತ್ತದೆ, ಪಠ್ಯವೂ ಬೇಗ ಬದಲಾಗುತ್ತದೆ. ನಡುವೆ ಬೇರೆ ಕಾಲೇಜಿಗೆ ಹೋಗುವ ಸಂದರ್ಭ ಬಂದರೆ ಮಾತ್ರ ಅಲ್ಲಿ ಓದಿದ್ದಕ್ಕೂ ಇಲ್ಲಿ ಓದಬೇಕಾದದ್ದಕ್ಕೂ ಹೊಂದಿಕೆಯಾಗದೆ ಪೇಚಾಟವಾಗುತ್ತದೆ.

ಡೀಮ್ಡ್ ಎಂದರೆ ಅರ್ಧ ವಿಶ್ವವಿದ್ಯಾಲಯ ಎಂದು ಮೂಗು ಮುರಿಯುವವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1958ರಿಂದ ಕಾನೂನಿನ ಲೆಕ್ಕದಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೇ! ಕೇಂದ್ರ ಸರ್ಕಾರ ಯುಜಿಸಿ ಕಾಯ್ದೆಯ 3ನೇ ಸೆಕ್ಷನ್ ಅಡಿ ಕೊಡುವ ಸ್ಥಾನ ಅದು. ರಾಜ್ಯ ಶಾಸನಸಭೆಯ ಕಾಯ್ದೆಯಿಂದ ಹುಟ್ಟುವ ಖಾಸಗಿ ವಿಶ್ವವಿದ್ಯಾಲಯ ಬೇರೆ. ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆಯಲ್ಲ, ಅದು ಈ ಬಗೆಯದು. ಈ ಎರಡೂ ಬಗೆಯ ವಿಶ್ವವಿದ್ಯಾಲಯಗಳು ಪದವಿಯನ್ನು ತಮ್ಮ ಹೆಸರಿನಲ್ಲೇ ಕೊಡುತ್ತವೆ. ಶುಲ್ಕ ಮಾತ್ರ ಸರ್ಕಾರಿ ಕಾಲೇಜಿನ ಹತ್ತಿರಕ್ಕೂ ಬರುವುದಿಲ್ಲ, ಅಪ್ಪನಿಗೆ ಮೊದಲೇ ಹೇಳಿಡು.

ಅದೇ ವಿದ್ಯಾರ್ಥಿನಿ: ನ್ಯಾಕ್ ವಿಷಯ ಹೇಳಲಿಲ್ಲ, ಮೇಡಂ.

ಉತ್ತರ: ನ್ಯಾಕ್ ಎಂದರೆ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ. 1994ರಲ್ಲಿ ಸ್ಥಾಪನೆಯಾದ ಸಂಸ್ಥೆ, ಮುಖ್ಯ ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲಿದೆ. ಅದು ಇಡೀ ಕಾಲೇಜನ್ನು ಅಳೆಯುತ್ತದೆ, ನೀನು ಸೇರುವ ಭೌತಶಾಸ್ತ್ರ ವಿಭಾಗವನ್ನಲ್ಲ. 4ಕ್ಕೆ 3.26ರಿಂದ 3.50 ಬಂದರೆ ಎ ಪ್ಲಸ್, ಅದಕ್ಕೂ ಮೇಲಾದರೆ ಎ ಡಬಲ್ ಪ್ಲಸ್. ಈ ಶ್ರೇಣಿಗೆ ಸಾಮಾನ್ಯವಾಗಿ 5 ವರ್ಷದ ಅವಧಿ ಇರುತ್ತದೆ. ಫ್ಲೆಕ್ಸಿನಲ್ಲಿ ಶ್ರೇಣಿ ದೊಡ್ಡದಾಗಿರುತ್ತದೆ, ವರ್ಷ ಇರುವುದಿಲ್ಲ. ಕೇಳಬೇಕಾದದ್ದು ಆ ವರ್ಷವನ್ನು.

ಇನ್ನು ‘ಯುಜಿಸಿ ಮಾನ್ಯತೆ’ ಎನ್ನುವುದು ಕಾಲೇಜಿನ ಮಟ್ಟದಲ್ಲಿ ಬಹುತೇಕ ಯುಜಿಸಿ ಕಾಯ್ದೆಯ 2(ಎಫ್) ಮತ್ತು 12(ಬಿ) ಸೆಕ್ಷನ್‌ಗಳ ಪಟ್ಟಿಯ ಮಾತು. ಮೊದಲನೆಯದು ಯುಜಿಸಿ ಕಾಲೇಜನ್ನು ಗುರುತಿಸಿದೆ ಎಂಬುದಕ್ಕೆ, ಎರಡನೆಯದು ಯುಜಿಸಿ ಅನುದಾನಕ್ಕೆ ಸಂಬಂಧಿಸಿದ್ದು. ಅದರಿಂದ ಪಾಠ ಚೆನ್ನಾಗಿ ನಡೆಯುತ್ತದೆ ಎಂದು ತಿಳಿಯಬೇಕಿಲ್ಲ.

ಪ್ರಶ್ನೆ (ಇನ್ನೊಬ್ಬರು): ಅಕ್ಕನ ಮಗ 2021ರಲ್ಲಿ ಸೇರಿದಾಗ ನಾಲ್ಕು ವರ್ಷದ ಆನರ್ಸ್ ಎಂದಿದ್ದರು. ಈಗ ಮೂರೇ ವರ್ಷವಂತೆ, ನಿಜವೇ?

ಉತ್ತರ: ನಿಜ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ವ್ಯವಸ್ಥೆ ಬಂತು; 2024–25ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಪದವಿ. ನಡುವೆ ಸೇರಿದವರು ತಮ್ಮ ಬ್ಯಾಚಿನ ನಿಯಮಾವಳಿಯನ್ನೇ ನೋಡಬೇಕು.

ಪ್ರಶ್ನೆ (ವಿದ್ಯಾರ್ಥಿ, ತುಮಕೂರು): ಕ್ರೆಡಿಟ್, ಎಸ್‌ಜಿಪಿಎ, ಸಿಜಿಪಿಎ ಎಂದು ಸೀನಿಯರ್‌ಗಳು ಮಾತಾಡುತ್ತಾರೆ. ನಮಗೆ ಇದುವರೆಗೆ ಗೊತ್ತಿದ್ದದ್ದು ಶೇಕಡಾ ಒಂದೇ.

ಉತ್ತರ: ಕ್ರೆಡಿಟ್ ಎಂದರೆ ಒಂದು ವಿಷಯದ ತೂಕ. ವಾರಕ್ಕೆ ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಪ್ರಯೋಗಾಲಯ, ಹೀಗೆ ಇಡೀ ಸೆಮಿಸ್ಟರ್ ನಡೆದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಲೆಕ್ಕ ಮಾಡಿಯೇ ನೋಡೋಣ. ಭೌತಶಾಸ್ತ್ರಕ್ಕೆ 4 ಕ್ರೆಡಿಟ್, ನಿನಗೆ ಬಂದ ಗ್ರೇಡ್ ಪಾಯಿಂಟ್ (ಅಂಕಕ್ಕೆ ತಕ್ಕಂತೆ 10ರೊಳಗೆ ಕೊಡುವ ಸಂಖ್ಯೆ) 8. ಲ್ಯಾಬ್‌ಗೆ 2 ಕ್ರೆಡಿಟ್, ಬಂದದ್ದು 10. ಕನ್ನಡಕ್ಕೆ 3 ಕ್ರೆಡಿಟ್, ಬಂದದ್ದು 6. ಗುಣಿಸಿದರೆ 32, 20, 18, ಒಟ್ಟು 70. ಅದನ್ನು 9 ಕ್ರೆಡಿಟ್‌ಗಳಿಂದ ಭಾಗಿಸಿದರೆ 7.78. ಇದು ಆ ಸೆಮಿಸ್ಟರಿನ ಎಸ್‌ಜಿಪಿಎ. ಎಲ್ಲ ಸೆಮಿಸ್ಟರ್‌ಗಳನ್ನು ಸೇರಿಸಿ ಹೀಗೆಯೇ ಲೆಕ್ಕ ಹಾಕಿದರೆ ಸಿಜಿಪಿಎ. ಲ್ಯಾಬಿನಲ್ಲಿ ಹತ್ತಕ್ಕೆ ಹತ್ತು ಬಂತೆಂದು ಹಿಗ್ಗಿ 4 ಕ್ರೆಡಿಟಿನ ವಿಷಯವನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದು ಈ ಲೆಕ್ಕದಲ್ಲೇ ಕಾಣುತ್ತದೆ.

ಸಿಜಿಪಿಎಯನ್ನು 10ರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ ಎಂದು ಕಣ್ಣು ಮುಚ್ಚಿ ನಂಬಬೇಡ. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯ-ಪರೀಕ್ಷಾ ನಿಯಮಾವಳಿಯಲ್ಲಿ, ಮೊದಲು 0.75 ಕಳೆದು ಆಮೇಲೆ 10ರಿಂದ ಗುಣಿಸಬೇಕಿತ್ತು. ಆ ಸೂತ್ರದಲ್ಲಿ 7.78 ಎಂದರೆ ಶೇ. 77.8 ಅಲ್ಲ, ಶೇ. 70.3. ಕೆಲಸದ ಅರ್ಜಿ ತುಂಬುವಾಗ ನಿನ್ನ ವಿಶ್ವವಿದ್ಯಾಲಯದ, ನಿನ್ನ ಸ್ಕೀಮಿನ ಸೂತ್ರವನ್ನೇ ಬಳಸು.

ಪ್ರಶ್ನೆ (ಪೋಷಕರು, ಬಳ್ಳಾರಿ): ಮಗನನ್ನು ಒಂದು ಖಾಸಗಿ ಕಾಲೇಜಿಗೆ ಬಿಕಾಂಗೆ ಸೇರಿಸಿದ್ದೆವು. ವಾರದೊಳಗೆ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಈಗ ಮೂರೂ ವರ್ಷದ ಶುಲ್ಕ ಕಟ್ಟಿದರೆ ಮಾತ್ರ ಮೂಲ ಅಂಕಪಟ್ಟಿ ಮತ್ತು ಟಿಸಿ ಕೊಡುತ್ತೇವೆ ಎನ್ನುತ್ತಿದ್ದಾರೆ.

ಉತ್ತರ: ಕೊಡಬೇಡಿ, ಒಂದು ರೂಪಾಯಿಯನ್ನೂ ಹಾಗೆ ಕೊಡಬೇಡಿ. ಯುಜಿಸಿ 2018ರ ಅಧಿಸೂಚನೆಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಮೂಲ ದಾಖಲೆಗಳನ್ನು ಪರಿಶೀಲಿಸಿ, ದೃಢೀಕರಿಸಿದ ಪ್ರತಿ ಇಟ್ಟುಕೊಂಡು ಹಿಂದಿರುಗಿಸಬೇಕು, ಒತ್ತೆ ಇಟ್ಟುಕೊಳ್ಳುವಂತಿಲ್ಲ. ಶುಲ್ಕವನ್ನೂ ಆ ಸೆಮಿಸ್ಟರಿಗೆ ಅಥವಾ ಆ ವರ್ಷಕ್ಕೆ ಮಾತ್ರ ಮುಂಗಡವಾಗಿ ಪಡೆಯಬಹುದು, ಮೂರು ವರ್ಷದ್ದನ್ನಲ್ಲ.

ಕಟ್ಟಿದ ಹಣವೂ ವಾಪಸು ಬರುತ್ತದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ, ಸಣ್ಣ ಸಂಸ್ಕರಣಾ ವೆಚ್ಚ ಕಳೆದು ಪೂರ್ತಿ ಶುಲ್ಕ. ಕೊನೆಯ ದಿನ 15 ದಿನಕ್ಕಿಂತ ಹತ್ತಿರವಿದ್ದರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ಆಮೇಲೆ ಏನೂ ಇಲ್ಲ, ಠೇವಣಿ ಹೊರತು. ಇದು ಆ ಅಧಿಸೂಚನೆಯ ಲೆಕ್ಕ. ಈ ವರ್ಷ ಬೇರೆ ಸುತ್ತೋಲೆ ಬಂದಿದೆಯೇ ಎಂದೂ ನೋಡಿ. ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದರೆ ‘ನಾಳೆ ಬನ್ನಿ’ ಎನ್ನುವವರು ಸ್ವೀಕೃತಿಯ ಮುದ್ರೆ ಒತ್ತಿದ ಮೇಲೆ ಬೇರೆ ಧಾಟಿಯಲ್ಲಿ ಮಾತಾಡುತ್ತಾರೆ. ಅಲ್ಲೂ ಆಗದಿದ್ದರೆ ಸಂಯೋಜನೆ ಕೊಟ್ಟ ವಿಶ್ವವಿದ್ಯಾಲಯದ ಕುಲಸಚಿವರಿಗೆ, ಮತ್ತು ಯುಜಿಸಿಯ ಇ-ಸಮಾಧಾನ್ ಜಾಲತಾಣದಲ್ಲಿ ದೂರು ಕೊಡಿ.

ಪ್ರಶ್ನೆ (ಅದೇ ಪೋಷಕರು): ತುಂಬಾ ಉಪಕಾರವಾಯಿತು. ಟಿಸಿ ಜೊತೆ ಮೈಗ್ರೇಷನ್ ಕೂಡ ಬೇಕೆ?

ಉತ್ತರ: ನಮ್ಮ ರಾಜ್ಯದ ಪಿಯುಸಿ ಮುಗಿಸಿ ಇಲ್ಲಿನದೇ ವಿಶ್ವವಿದ್ಯಾಲಯದ ಕಾಲೇಜಿಗೆ ಸೇರುವವರಿಗೆ ಸಾಮಾನ್ಯವಾಗಿ ಟಿಸಿ ಸಾಕು. ಸಿಬಿಎಸ್‌ಇ ಅಥವಾ ಹೊರರಾಜ್ಯದಿಂದ ಬಂದವರಿಗೆ ಮೈಗ್ರೇಷನ್, ಅಂದರೆ ಒಂದು ಮಂಡಳಿ ಅಥವಾ ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗಲು ಕೊಡುವ ಪ್ರಮಾಣಪತ್ರ, ಬೇಕು. ಪದವಿ ಮುಗಿಸಿ ಬೇರೆ ವಿಶ್ವವಿದ್ಯಾಲಯದ ಎಂಎಗೋ ಎಂಕಾಂಗೋ ಹೋಗುವಾಗ ನಿಮ್ಮ ಮಗನಿಗೂ ಬೇಕಾಗುತ್ತದೆ.

ಮೊದಲ ವಿದ್ಯಾರ್ಥಿನಿ: ಮೇಡಂ, ನೀವು ಹೇಳಿದ ಪ್ರಶ್ನೆಯನ್ನು ಇವತ್ತು ಒಂದು ಕಾಲೇಜಿನಲ್ಲಿ ಕೇಳಿದೆ. ‘ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಸಹಯೋಗ ಇದೆ, ಪದವಿ ಅಲ್ಲಿಂದ ಬರುತ್ತದೆ, ತರಗತಿ ಮಾತ್ರ ಇಲ್ಲಿ’ ಎಂದರು. ನಾಳೆಯೇ ಮುಂಗಡ ಕಟ್ಟಿದರೆ ರಿಯಾಯಿತಿಯಂತೆ.

ಉತ್ತರ: ಕಟ್ಟಬೇಡ. ಯುಜಿಸಿ ನಿಯಮದಲ್ಲಿ ಖಾಸಗಿ ವಿಶ್ವವಿದ್ಯಾಲಯ ಯಾವ ಕಾಲೇಜನ್ನೂ ಸಂಯೋಜಿಸಿಕೊಳ್ಳುವಂತಿಲ್ಲ. ಒಂದು ರಾಜ್ಯದ ಕಾಯ್ದೆಯಿಂದ ಹುಟ್ಟಿದ್ದು ಆ ರಾಜ್ಯದ ಗಡಿ ದಾಟಿ ಹೀಗೆ ತರಗತಿ ನಡೆಸುವಂತೆಯೂ ಇಲ್ಲ. ಛತ್ತೀಸಗಡದಲ್ಲಿ ಕಾಗದದ ಮೇಲೆ ಹುಟ್ಟಿಕೊಂಡ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು 2005ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಒಟ್ಟಿಗೆ ಅಸ್ತಿತ್ವ ಕಳೆದುಕೊಂಡವು. ಅವುಗಳಲ್ಲಿ ಸೇರಿದ್ದ ಮಕ್ಕಳ ಪಾಡನ್ನು ಯೋಚಿಸು.

ಬೇರೆ ಕಾಲೇಜಿಗೆ ಹೋದಾಗ ಈ ಸಾಲಿನ ಸಂಯೋಜನಾ ಆದೇಶದ ಪ್ರತಿ ತೋರಿಸಿ ಎನ್ನು. ಅದರಲ್ಲಿ ಕೋರ್ಸಿನ ಹೆಸರು, ಎಷ್ಟು ಸೀಟು, ಯಾವ ವರ್ಷಕ್ಕೆ ಎಂದು ನಮೂದಾಗಿರುತ್ತದೆ. ಕಾಲೇಜು ಹಳೆಯದಾಗಿದ್ದು ನೀನು ಕೇಳಿದ ಕೋರ್ಸಿಗೆ ಮಾತ್ರ ಅನುಮತಿ ಬಂದಿಲ್ಲದ ಪ್ರಕರಣಗಳೂ ಉಂಟು, ಆದ್ದರಿಂದ ಕೋರ್ಸಿನ ಸಾಲನ್ನು ನೀನೇ ಓದು. ತೋರಿಸಲು ಹಿಂದೆಮುಂದೆ ನೋಡಿದರೆ ವಿಶ್ವವಿದ್ಯಾಲಯದ ಶೈಕ್ಷಣಿಕ ವಿಭಾಗಕ್ಕೆ ಹೋಗಿ ವಿಚಾರಿಸಿದರಾಯಿತು.