145 ವರ್ಷದ ಹೊಸಬ

“ಮಾಂತ್ರಿಕನಾಗಿ ಆಡುತ್ತೇನೆಂದು ನಾನೇ ಬಾಯಿಬಿಟ್ಟು ಹೇಳಿದ್ದು ನಿಜ. ಆದರೆ ಅದಕ್ಕೂ ಮೊದಲು ಯಾವ ರೇಸಿನಲ್ಲಿ, ಅಂದರೆ ಯಾವ ಕುಲದಲ್ಲಿ, ಹುಟ್ಟಬೇಕೆಂಬ ಪರೀಕ್ಷೆಯೊಂದಿದೆ ಎಂದು ನನಗೆ ಯಾರೂ ತಿಳಿಸಿರಲಿಲ್ಲ” ಎಂದು ಪುಟ್ಟು ಗೋಳಾಡಿದ.

“ಪರೀಕ್ಷೆ ಏನು ಬಂತು, ಉತ್ತರ ಸಿದ್ಧವಾಗಿಯೇ ಇದೆ” ಎಂದು ವಿಶ್ವ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದ. “ದಾಳ ಉರುಳಿಸಿ ಕಥೆ ಕಟ್ಟುವ ಈ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟವನ್ನು ನಾವು ಆಡುತ್ತಿರುವುದು 2014ರ ಪುಸ್ತಕದ ಪ್ರಕಾರ. ನೋಮ್ ಆದರೆ ಬುದ್ಧಿಗೆ ಎರಡು ಅಂಕ ಹೆಚ್ಚು. ಹೈ ಎಲ್ಫ್ ಆದರೆ ಒಂದು ಅಂಕ, ಜೊತೆಗೆ ಒಂದು ಕ್ಯಾಂಟ್ರಿಪ್, ಅಂದರೆ ಎಷ್ಟು ಸಲವಾದರೂ ಹಾಕಬಹುದಾದ ಪುಟ್ಟ ಮಂತ್ರ, ಪುಕ್ಕಟೆ. ಮನುಷ್ಯನಾದರೆ ವೇರಿಯಂಟ್ ನಿಯಮ ಹಿಡಿದು ಮೊದಲ ಲೆವೆಲ್ಲಿನಲ್ಲೇ ಒಂದು ಫೀಟ್, ಅಂದರೆ ವಿಶೇಷ ಸಾಮರ್ಥ್ಯ. ಮಿಕ್ಕವರ ಪುಟಗಳನ್ನು ನೀನು ತೆರೆಯಲೇಬೇಡ. ಮೊದಲು ನಿನ್ನ ಇಪ್ಪತ್ತೇಳು ಪಾಯಿಂಟುಗಳನ್ನು ಬಲ, ಬುದ್ಧಿ ಮುಂತಾದವಕ್ಕೆ ಹಂಚೋಣ.”

“ಇಪ್ಪತ್ತೇಳೇ ಏಕೆ ಎಂದು ನನಗೆ ಈಗ ಹೊಳೆಯಿತು” ಎಂದರು ಅಷ್ಟು ಹೊತ್ತೂ ಚಹಾ ಆರಿಸಿಕೊಳ್ಳುತ್ತ ಕುಳಿತಿದ್ದ ಶಾಮಣ್ಣ. “ನಕ್ಷತ್ರಗಳೂ ಇಪ್ಪತ್ತೇಳೇ ಅಲ್ಲವೇ? ವಿಶ್ವ ಕೂಡಿಸಿ ಕಳೆಯುವುದನ್ನು ನೋಡಿದರೆ ಜಾತಕ ಹಿಡಿದು ಕುಳಿತ ಜೋಯಿಸರ ಹಾಗೆಯೇ ಇದೆ. ವ್ಯತ್ಯಾಸವೆಂದರೆ ಜೋಯಿಸರು ಹುಟ್ಟಿದ ಮೇಲೆ ಜಾತಕ ಬರೆಯುತ್ತಾರೆ. ಇವನು ಜಾತಕ ಬರೆದ ಮೇಲೆಯೇ ಹುಟ್ಟುವುದಕ್ಕೆ ಅನುಮತಿ ಕೊಡುತ್ತಾನೆ.”

“ನೀವು ನಗಬಹುದು ಶಾಮಣ್ಣ. ಆದರೆ ಬುದ್ಧಿ ಹದಿನೈದಕ್ಕೆ ನಿಂತರೆ ಮಂತ್ರದ ಡಿಸಿ, ಅಂದರೆ ಅದರಿಂದ ತಪ್ಪಿಸಿಕೊಳ್ಳಲು ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕ, ಹನ್ನೆರಡು; ಹದಿನಾರಾದರೆ ಹದಿಮೂರು. ಆ ಒಂದು ಅಂಕವನ್ನು ಬಿಟ್ಟುಕೊಡುವವನು ಪೆದ್ದ.”

“ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕವೆಂದರೆ ಇಪ್ಪತ್ತು ಸಲ ಮಂತ್ರ ಹಾಕಿದಾಗ ಒಂದು ಸಲದ ಲಾಭ. ಮೊದಲ ಲೆವೆಲ್ಲಿನ ಮಾಂತ್ರಿಕನಿಗೆ ದಿನಕ್ಕೆ ಎರಡು ಸ್ಲಾಟು, ಅಂದರೆ ಕ್ಯಾಂಟ್ರಿಪ್ ಬಿಟ್ಟರೆ ಎರಡೇ ಸಲ ಮಂತ್ರ; ಸ್ವಲ್ಪ ಕುಳಿತು ಸುಧಾರಿಸಿಕೊಂಡರೆ ಇನ್ನೊಂದು. ಅದರಲ್ಲಿಯೂ ಎಲ್ಲರೂ ಮೊದಲು ಬರೆದುಕೊಳ್ಳುವುದು ಸ್ಲೀಪ್ ಮತ್ತು ಮ್ಯಾಜಿಕ್ ಮಿಸೈಲ್. ಮಿಸೈಲ್ ಎಂದೂ ಗುರಿ ತಪ್ಪುವುದಿಲ್ಲ, ಸ್ಲೀಪಿಗೆ ಸೇವ್, ಅಂದರೆ ದಾಳ ಹಾಕಿ ತಪ್ಪಿಸಿಕೊಳ್ಳುವ ಅವಕಾಶ, ಇಲ್ಲ. ಎರಡಕ್ಕೂ ನಿನ್ನ ಹದಿಮೂರು ಬೇಕಾಗಿಯೇ ಇಲ್ಲವಲ್ಲಯ್ಯ!”

ವಿಶ್ವ ಒಂದು ಕ್ಷಣ ತಡವರಿಸಿದ. “ದಿನಕ್ಕೆ ಒಂದು ಮಂತ್ರವನ್ನು ಹೆಚ್ಚು ಸಿದ್ಧಪಡಿಸಿಕೊಳ್ಳಬಹುದು” ಎಂದು ಹೇಳಿ, ಅದು ಯಾರಿಗೂ ತಾಕಲಿಲ್ಲವೆಂದು ಕಂಡು ಮಾತು ಬದಲಿಸಿದ. “ಹೋಗಲಿ, ಎಲ್ಫ್ ಎಂದರೆ ಮಾಂತ್ರಿಕ ಎಂಬುದು ಪರಂಪರೆ. ಅದನ್ನಾದರೂ ಒಪ್ಪುತ್ತೀರಲ್ಲ?”

“ಆ ಎಲ್ಫ್ ವಿಷಯವನ್ನೇ ನಾನು ಬಹಳ ವರ್ಷಗಳಿಂದ ಕೇಳಬೇಕೆಂದಿದ್ದೇನೆ” ಎಂದು ಶಾಮಣ್ಣ ಲೋಟವನ್ನು ಕೆಳಗಿಟ್ಟರು. “2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ವಯಸ್ಸಿನ ಕೋಷ್ಟಕವೊಂದಿತ್ತು. ಮನುಷ್ಯರ ಹುಡುಗ ಮಾಂತ್ರಿಕನಾಗಬೇಕಾದರೆ ಹದಿನೈದು ವರ್ಷಕ್ಕೆ ಆರು ಮುಖದ ಎರಡು ದಾಳ ಕೂಡಿಸಬೇಕು, ಸರಾಸರಿ 22 ವರ್ಷವಾಗುತ್ತದೆ. ಎಲ್ಫಿಗೆ 110 ವರ್ಷಕ್ಕೆ ಹತ್ತು ದಾಳ, ಸರಾಸರಿ 145. ಇಬ್ಬರೂ ಒಂದೇ ದಿನ ಒಂದೇ ಹೋಟೆಲಿನಲ್ಲಿ ಸಾಹಸಕ್ಕೆ ಸೇರಿಕೊಳ್ಳುತ್ತಾರೆ, ಇಬ್ಬರೂ ಮೊದಲನೆಯ ಲೆವೆಲ್ಲೇ, ಇಬ್ಬರಿಗೂ ಬರುವ ಮಂತ್ರ ಅಷ್ಟಕ್ಕಷ್ಟೇ. ಹಾಗಾದರೆ ಈ ಮಹಾನುಭಾವ ಅಷ್ಟು ವರ್ಷ ಏನು ಮಾಡುತ್ತಿದ್ದ?”

“ಅವರು ನಿದ್ದೆಯನ್ನೂ ಮಾಡುವುದಿಲ್ಲ, ನಾಲ್ಕು ಗಂಟೆ ಧ್ಯಾನ ಮಾಡಿದರೆ ಸಾಕು” ಎಂದು ಆಟ ನಡೆಸುವ ಡಂಜನ್ ಮಾಸ್ಟರ್ ಗಿರಿಜಾ ತನ್ನ ಪರದೆಯ ಹಿಂದಿನಿಂದ ಎಣ್ಣೆ ಸುರಿದಳು.

“ಇನ್ನೂ ಚೆನ್ನಾಯಿತು! ಓದುವುದಕ್ಕೆ ದಿನಕ್ಕೆ ಇಪ್ಪತ್ತು ಗಂಟೆ ಇದ್ದೂ ಮಾಂತ್ರಿಕನಾಗುವುದಕ್ಕೆ ನೂರನಲವತ್ತೈದು ವರ್ಷ ಹಿಡಿದವನ ಬುದ್ಧಿಗೆ ಅಂಕ ಕೂಡಿಸಬೇಕೋ ಕಳೆಯಬೇಕೋ?”

“ಸಂಗೀತ, ಕಾವ್ಯ, ಬಿಲ್ಲುವಿದ್ಯೆ” ಎಂದು ವಿಶ್ವ ಬೆರಳು ಮಡಚಿದ.

“ನನಗೆ ಹಾಗೆ ತೋರುವುದಿಲ್ಲ. ಯಾವ ರೇಸಿನಲ್ಲಿ ಹುಟ್ಟಿದ್ದರೆ ಲಾಭವಾಗುತ್ತಿತ್ತು ಎಂದು ಗೈಡ್ ಓದುತ್ತ ಕುಳಿತಿದ್ದಾನೆ.”

ಪುಟ್ಟು ನಕ್ಕ. ವಿಶ್ವನೂ ನಕ್ಕ, ಆದರೆ ಸೋಲೊಪ್ಪಲಿಲ್ಲ. “ನಿಮ್ಮ ಕಾಲವೇನು ಕಡಿಮೆಯಿತ್ತೇ? 1974ರ ಮೊದಲ ಪುಸ್ತಕದಲ್ಲಿ ಡ್ವಾರ್ಫ್ ಎಂದರೆ ಯೋಧ, ಅದೂ ಆರನೆಯ ಲೆವೆಲ್ಲಿನವರೆಗೆ. ಅವನಿಗೆ ಮಾಂತ್ರಿಕನಾಗುವ ಬಾಗಿಲು ತೆರೆದದ್ದು ನೀವು ಹೇಳಿದ ಆ ಮೂರನೆಯ ಆವೃತ್ತಿಯಲ್ಲಿ. ಈಗ ಯಾರು ಏನು ಬೇಕಾದರೂ ಆಗಬಹುದು. 2020ರಲ್ಲಿ ಹೆಚ್ಚಿನ ಅಂಕಗಳನ್ನು ಬೇಕಾದ ಕಡೆ ಇಟ್ಟುಕೊಳ್ಳಿ ಎಂದರು, 2024ರಲ್ಲಿ ರೇಸಿನಿಂದಲೇ ಕಿತ್ತು ಹಿನ್ನೆಲೆಗೆ ಕಟ್ಟಿದರು.”

“ಕಟ್ಟಿದರಲ್ಲ, ಅದೇ ನನ್ನ ತಕರಾರು. ಆ ಪುಸ್ತಕದಲ್ಲಿ ವಿದ್ವಾಂಸನ ಹಿನ್ನೆಲೆಯವನಿಗೆ ಬುದ್ಧಿಯ ಅಂಕ ಸಿಗುತ್ತದೆ, ರೈತನ ಹಿನ್ನೆಲೆಯವನಿಗೆ ಸಿಗುವುದಿಲ್ಲ. ನಿನ್ನಂಥವರು ಮಾಂತ್ರಿಕರನ್ನೆಲ್ಲ ವಿದ್ವಾಂಸರ ಮನೆಯಲ್ಲೇ ಹುಟ್ಟಿಸುತ್ತೀರಿ. ಹೊಲದಿಂದ ಬಂದ ಹುಡುಗನೊಬ್ಬ ಕಷ್ಟಪಟ್ಟು ಮಂತ್ರ ಕಲಿತ ಕಥೆಯನ್ನು ಮತ್ತಾರು ಆಡಬೇಕು? ಬೇಲಿಯನ್ನು ಕಿತ್ತವರು ಪುಸ್ತಕ ಬರೆದವರು; ನೀವು ಎಕ್ಸೆಲ್‌ನಲ್ಲಿ ಮತ್ತೆ ಹಾಕಿಕೊಂಡಿರಿ.”

ವಿಶ್ವನ ಕೋಷ್ಟಕದ ಕೊನೆಯ ಸಾಲಿನ ಮೇಲೆ ಗಿರಿಜಾಳ ಕಣ್ಣು ಬಿತ್ತು. “ಇದೇನಿದು, ಇಪ್ಪತ್ತನೆಯ ಲೆವೆಲ್ಲಿನವರೆಗೂ ಬರೆದಿದ್ದೀಯೆ?”

“ಪೂರ್ತಿ ಬಿಲ್ಡ್. ಹದಿನೇಳಕ್ಕೆ ವಿಶ್ ಮಂತ್ರ.”

“ನಾವು ಐದನ್ನು ದಾಟಿದ್ದು ನನಗೆ ನೆನಪಿಲ್ಲ” ಎಂದಳು ಅವಳು.

ಯಾರೂ ಅಲ್ಲಗಳೆಯಲಿಲ್ಲ. ಒಬ್ಬರಿಗೆ ಆನ್-ಕಾಲ್, ಒಬ್ಬರ ಮಗುವಿಗೆ ಜ್ವರ, ಒಬ್ಬರಿಗೆ ಪುಣೆಗೆ ವರ್ಗ. ಪ್ರತಿ ಸಲವೂ ಕಥೆ ಯಾವುದೋ ಗುಹೆಯ ಬಾಗಿಲಲ್ಲಿ ನಿಂತುಹೋಗುತ್ತದೆ, ಮುಂದಿನ ಸಲ ಎಲ್ಲರೂ ಹೊಸದಾಗಿ ಹುಟ್ಟಿ ಬರುತ್ತಾರೆ. ಶಾಮಣ್ಣ ಸ್ವಲ್ಪ ಮೆತ್ತಗಾದರು. “ಎಲ್ಫಿಗೆ 750 ವರ್ಷದ ಆಯಸ್ಸು ಕೊಟ್ಟಿದ್ದಾರೆ. ಜೊತೆಯಲ್ಲಿ ಹೊರಟವರೆಲ್ಲ ಮುದುಕರಾಗಿ ಹೋದ ಮೇಲೂ ಅವನು ಮುಂದಿನ ಲೆವೆಲ್ಲಿಗೆ ಕಾಯಬಲ್ಲ. ನಮಗೆ ಇರುವುದು ತಿಂಗಳಿಗೊಂದು ಭಾನುವಾರ, ಅದರಲ್ಲಿ ಅರ್ಧ ಈ ಪ್ಲಸ್ ಒಂದಕ್ಕೆ ಹೋಯಿತು.”

“ಹಾಗಾದರೆ ನಾನು ಹೇಳಿಬಿಡುತ್ತೇನೆ” ಎಂದ ಪುಟ್ಟು. “ಹಾಫ್-ಆರ್ಕ್. ಅರ್ಧ ಮನುಷ್ಯ, ಅರ್ಧ ಒರಟು ಆರ್ಕ್. ಊರಿನವರು ಅವನನ್ನು ಮೂಟೆ ಹೊರುವುದಕ್ಕೆ ಕರೆಯುತ್ತಿದ್ದರು. ಒಂದು ದಿನ ಮೂಟೆಯಲ್ಲಿದ್ದ ಪುಸ್ತಕವನ್ನು ಓದಿಬಿಟ್ಟ.”

“ಭೇಷ್!” ಎಂದರು ಶಾಮಣ್ಣ.

ವಿಶ್ವ ತಲೆಯ ಮೇಲೆ ಕೈಯಿಟ್ಟುಕೊಂಡ. “ಬಲಕ್ಕೆ ಎರಡು ಅಂಕ, ಮಾಂತ್ರಿಕನಿಗೆ ಅದು ದಂಡ. ದೇಹದಾರ್ಢ್ಯಕ್ಕೆ ಒಂದು. ಬುದ್ಧಿಗೆ ಸೊನ್ನೆ. ಆದರೆ…” ಅವನ ಬೆರಳು ಕೀಲಿಮಣೆಯ ಮೇಲೆ ನಿಧಾನವಾಯಿತು. “ಜೀವದ ಲೆಕ್ಕವಾದ ಹಿಟ್ ಪಾಯಿಂಟ್ ಸೊನ್ನೆಗಿಳಿದರೂ ದಿನಕ್ಕೊಮ್ಮೆ ಒಂದರಲ್ಲಿಯೇ ನಿಂತುಕೊಳ್ಳುತ್ತಾನೆ. ಎಂಟೇ ಹಿಟ್ ಪಾಯಿಂಟಿನ ಮಾಂತ್ರಿಕನಿಗೆ ಇದಕ್ಕಿಂತ…”

“ಬೇಡ ವಿಶ್ವ” ಎಂದು ಶಾಮಣ್ಣ ಕೈ ಅಡ್ಡ ಹಿಡಿದರು. “ಅವನೊಬ್ಬನನ್ನಾದರೂ ಬಿಟ್ಟುಬಿಡು.”

ವಿಶ್ವ ಆಗಲೇ ಕೋಷ್ಟಕಕ್ಕೆ ಹೊಸ ಸಾಲೊಂದನ್ನು ಸೇರಿಸಿ ಗಿರಿಜಾಳ ಕಡೆಗೆ ತಿರುಗಿದ್ದ. “ನನ್ನ ನೋಮನ್ನು ಈಗ ಬದಲಾಯಿಸಲು ಅವಕಾಶವಿದೆಯೇ?”