ಪದಚರ್ಚೆ: ‘ಚಾಂಗ್‌ಜ್ಯಾಂಗ್’ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ,

ಹಳೇ ಚೀನೀ ಕವಿ ಲೀ ಬಾಯ್‌ನ ನಾಲ್ಕು ಸಾಲಿನ ಪದ್ಯವೊಂದು ಪೋಸ್ಟರಿಗೆ ಬೇಕಾಗಿದೆ. ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗುತ್ತೆ. ಹಳದಿ ಕೊಕ್ಕರೆ ಗೋಪುರದ ಬಳಿ ಗೆಳೆಯ ಮಂಗ್ ಹಾವ್‌ರಾನ್‌ನನ್ನು ದೋಣಿ ಹತ್ತಿಸುವ ಪದ್ಯ. ಒಂಟಿ ಹಾಯಿ ದೂರ ಸರಿದು ನೀಲಿಯಲ್ಲಿ ಕರಗುತ್ತದೆ. ಅಲ್ಲಿಯವರೆಗೆ ಆಯ್ತು. ಕೊನೇ ಸಾಲು ಕೈಕೊಡ್ತಿದೆ:

‘ಕಾಣುವುದು ಬರೀ ____, ಬಾನಂಚಿಗೆ ಹರಿಯುತ್ತ’

ಮೂಲದಲ್ಲಿ ಚಾಂಗ್‌ಜ್ಯಾಂಗ್ ಅಂತಿದೆ. ಚಾಂಗ್ ಅಂದರೆ ಉದ್ದ, ಜ್ಯಾಂಗ್ ಅಂದರೆ ನದಿ. ಹೊರಗಿನವರಿಗೆ ಗೊತ್ತಿರುವ ಯಾಂಗ್‌ತ್ಸೆ ಅಂತ ಹಾಕಲಾ, ಕನ್ನಡದ ಪದವನ್ನೇ ಇಡಲಾ?
– ಸು.

ಮರು:
ನೀಳ್ದೊರೆ (ನೀಳ + ತೊರೆ). ಇದಕ್ಕೆ ಇಷ್ಟು ಯೋಚನೆ ಯಾಕೆ? ಕೃಷ್ಣೆಗೆ ‘ಪೆರ್ದೊರೆ’ ಅಂತ ಶಾಸನಗಳಲ್ಲೇ ಇದೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ನಾಡು ‘ಎಡೆದೊರೆ’. ಹೊಳೆಗೆ ಹೆಸರಿಡೋಕೆ ನಮ್ಮವರು ಯಾರ ಹತ್ತಿರವೂ ಸಾಲ ಕೇಳಿರಲಿಲ್ಲ. ನದಿ, ವಾಹಿನಿ, ತರಂಗಿಣಿ ಯಾವುದೂ ಬೇಡ.
– ಕೆ.

ಮರು:
ಸಾರ್, ತೊರೆ ಅಂದರೆ ಈಗ ಪಂಚೆ ಎತ್ತಿಕೊಂಡು ದಾಟುವಷ್ಟು ನೀರು. ಇದು ಸುಮಾರು 6,300 ಕಿ.ಮೀ. ಉದ್ದದ ಹೊಳೆ.

ಯಾಂಗ್‌ತ್ಸೆಯಂತೂ ಬೇಡ. ಅದು ಯಾಂಗ್‌ಜೌ ಹತ್ತಿರದ ಕೆಳಭಾಗಕ್ಕಿದ್ದ ಹೆಸರು. ಯುರೋಪಿನವರು ಇಡೀ ಹೊಳೆಗೆ ಅಂಟಿಸಿದರು. ತಮಾಷೆ ಏನಂದರೆ, ಗೆಳೆಯ ಹೊರಟಿರುವುದೇ ಯಾಂಗ್‌ಜೌಗೆ! ಲೀ ಬಾಯ್ ನಿಂತಿರುವುದು ಈಗಿನ ವುಹಾನಿನಲ್ಲಿ. ಗೆಳೆಯನೇ ಇನ್ನೂ ತಲುಪದ ಊರಿನ ಹೊಳೆ ಇವನಿಗೆ ಹೇಗೆ ಕಾಣಬೇಕು?
– ರಾ.

ಮರು:
> ಪಂಚೆ ಎತ್ತಿಕೊಂಡು
ನಿಘಂಟು ನೋಡಿ. ಸಾಲದ ಪದ ಸಿಕ್ಕಿತು ಅಂತ ಮನೆಯ ಪದವನ್ನು ಅಟ್ಟಕ್ಕೆ ಹಾಕೋದು ನಮ್ಮವರ ಹಳೇ ರೋಗ.
– ಕೆ.

ಮರು:
ಸಾಲದ ಮಾತು ನೀವೇ ತೆಗೆದಿರಿ. ಜ್ಯಾಂಗ್ ಅನ್ನೋದೇ ಸಾಲ. ಅದು ವಿಯೆಟ್ನಾಮೀ ಸೇರಿರುವ ಆಸ್ಟ್ರೋಏಷ್ಯಾಟಿಕ್ ಕುಟುಂಬದ ನುಡಿಗಳಿಂದ ಚೀನೀ ಭಾಷೆಗೆ ಬಂತು ಅಂತ ಭಾಷಾವಿಜ್ಞಾನಿಗಳಾದ ಜೆರ್ರಿ ನಾರ್ಮನ್, ಮೈ ತ್ಸು-ಲಿನ್ 1976ರಲ್ಲೇ ವಾದಿಸಿದ್ದಾರೆ. ವಿಯೆಟ್ನಾಮಿನ ‘ಸೋಂಗ್’ ಅದರ ನಂಟ. ಲೀ ಬಾಯ್ ಸಾಲದ ಪದದಲ್ಲೇ ಬರೆದ. ಪದ್ಯಕ್ಕೇನೂ ಆಗಲಿಲ್ಲ.
– ರಾ.

ಮರು:
ವಾದಿಸಿದ್ದಾರೆ. ಅಷ್ಟೇ.
– ಕೆ.

ಮರು:
ಮಧ್ಯೆ ಬಾಯಿ ಹಾಕ್ತಿದ್ದೇನೆ. ಲೀ ಬಾಯ್ ಕುಡಿದು, ನೀರಿನಲ್ಲಿದ್ದ ಚಂದ್ರನನ್ನು ಹಿಡಿಯೋಕೆ ಹೋಗಿ ಇದೇ ಹೊಳೆಯಲ್ಲಿ ಮುಳುಗಿದ ಅಲ್ವಾ? ಅದನ್ನೂ ಪೋಸ್ಟರಿಗೆ ಹಾಕಿದರೆ ಚೆನ್ನ.
– ಗಿ.

ಮರು:
ಅದು ಕಟ್ಟುಕತೆ. ಪೋಸ್ಟರ್ ಕೆಡಿಸಬೇಡಿ.
– ರಾ.

ಮರು:
ಇಷ್ಟೊಂದು ಜಗಳದಲ್ಲಿ ‘ಹೊಳೆ’ ಅಂತ ಎಲ್ಲರೂ ಬರೆಯುತ್ತಲೇ ಇದ್ದೀರಿ, ಅದು ಯಾರ ಕಣ್ಣಿಗೂ ಬಿದ್ದಿಲ್ಲ!

ನಮ್ಮ ಕಡೆ ಕೃಷ್ಣೆಗೂ ಹೊಳೆ ಅಂತಲೇ ಅನ್ನೋದು. ‘ಹೊಳಿ ಬಂದೈತಿ’ ಅಂದರೆ ಯಾವ ಹೊಳೆ ಅಂತ ಯಾರೂ ಕೇಳುವುದಿಲ್ಲ. ಹಳೇ ಚೀನೀ ಬರಹದಲ್ಲೂ ಬರೀ ಜ್ಯಾಂಗ್ ಅಂದರೆ ಇದೇ ಹೊಳೆ. ಉತ್ತರದ ಹಳದಿ ನದಿಗೆ ‘ಹ’ ಅನ್ನುವ ಬೇರೆ ಪದವೇ ಇತ್ತು.

ಲೀ ಬಾಯ್‌ನ ಇನ್ನೆರಡು ಪದ್ಯಕ್ಕೂ ಹಾಕಿ ನೋಡಿದೆ. ಅವನಿಗೆ ಗಡೀಪಾರಾಯಿತು. ದೋಣಿ ಮೂರು ಕಮರಿಗಳಲ್ಲಿ ಮೇಲಕ್ಕೆ ಹೋಗಬೇಕು. ಮೂರು ಬೆಳಗು, ಮೂರು ಸಂಜೆ ಕಳೆದರೂ ಹಳದಿ ಎತ್ತಿನ ಗುಡ್ಡ ಹಿಂದೆ ಬೀಳುವುದಿಲ್ಲ. ಅಷ್ಟರಲ್ಲಿ ಕೆನ್ನೆಗೂದಲು ನರೆತುಬಿಟ್ಟಿತು ಅನ್ನುತ್ತಾನೆ. 759ರಲ್ಲಿ ಬಾಯ್‌ದಿ ಊರಿನ ಹತ್ತಿರ ಕ್ಷಮೆಯ ಸುದ್ದಿ ಸಿಕ್ಕಿತು. ಅಲ್ಲಿಂದ ಇಳಿಯುವಾಗ ಸಾವಿರ ಲೀ (ಚೀನೀ ಅಳತೆ) ದೂರ ಒಂದೇ ದಿನ! ಏರುವಾಗ ಸತಾಯಿಸಿ, ಇಳಿಯುವಾಗ ಎತ್ತಿಕೊಂಡು ಓಡುವ ನೀರಿಗೆ ‘ಹೊಳೆ’ ಸರಿಯಾಗಿ ಕೂರುತ್ತದೆ. ‘ನೀಳ್ದೊರೆ’ ಓದುವಾಗ ನನಗೆ ಮೊದಲು ವ್ಯಾಕರಣ ಮೇಷ್ಟ್ರು ನೆನಪಾಗುತ್ತಾರೆ.
– ಲ.

ಮರು:
ಲ. ಮೇಡಂ, ಥ್ಯಾಂಕ್ಸ್. ‘ಕಾಣುವುದು ಬರೀ ಹೊಳೆ, ಬಾನಂಚಿಗೆ ಹರಿಯುತ್ತ.’ ‘ಉದ್ದ’ ಬಿಟ್ಟೆ. ಬಾನಂಚಿನವರೆಗೆ ಹರಿದ ಮೇಲೆ ಅದನ್ನು ಬೇರೆ ಹೇಳಬೇಕಾ? ಚಾಂಗ್‌ಜ್ಯಾಂಗ್ ಹೆಸರನ್ನು ಪದ್ಯದ ಕೆಳಗೆ ಚಿಕ್ಕದಾಗಿ ಹಾಕಿದ್ದೇನೆ. ಫೈಲ್ ಕಳಿಸಿಬಿಟ್ಟೆ.
– ಸು.

ಮರು:
ಹೊಳೆ ಕನ್ನಡವೇ, ಆದ್ದರಿಂದ ಸುಮ್ಮನಿದ್ದೇನೆ. ಆದರೆ ಅದು ‘ಬಾನಂಚಿಗೆ’ಯೋ ‘ಬಾನಂಚಿನಲ್ಲಿ’ಯೋ? ಅದನ್ನು ಒಬ್ಬರೂ ಕೇಳಲಿಲ್ಲ.
– ಕೆ.